ಕೋಟಿನ ಮೇಲೆ ಸಿಕ್ಕಿಸುವ ಕೆಂಪು ಪಾಪ್ಪಿ: ದುಡ್ಡು ಯಾರ ಕೈ ಸೇರುತ್ತದೆ?

ಅಕ್ಟೋಬರ್ ಕೊನೆಯ ವಾರಗಳಿಂದ ಮೊದಲ ಮಹಾಯುದ್ಧ ನಿಂತ ದಿನವಾದ ನವೆಂಬರ್ 11ರವರೆಗೆ ಬ್ರಿಟನ್ನಿನ ರೈಲು ನಿಲ್ದಾಣ, ಸೂಪರ್‌ಮಾರ್ಕೆಟ್ ಬಾಗಿಲುಗಳಲ್ಲಿ ಕಾಗದದಲ್ಲಿ ಮಾಡಿದ ಕೆಂಪು ಪಾಪ್ಪಿ ಹೂ ಸಿಗುತ್ತದೆ. ಪಾಪ್ಪಿಯೆಂದರೆ ನಮ್ಮ ಗಸಗಸೆ ಗಿಡದ ಹತ್ತಿರದ ಬಳಗದ ಹೂ. ಯುದ್ಧದಲ್ಲಿ ಮಡಿದವರ ನೆನಪಿಗೆ ಧರಿಸುವ ಈ ಹೂವಿನಿಂದ ಬರುವ ಹಣ ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ತಲುಪಬೇಕು. ರಾಯಲ್ ಬ್ರಿಟಿಷ್ ಲೀಜನ್ ಎಂಬ ದತ್ತಿ ಸಂಸ್ಥೆ 1921ರಿಂದ ಈ ಕೆಲಸ ಮಾಡುತ್ತಿದೆ. ಅದೇ ಹೂವಿನ ಆಕಾರ ಬಳಸಿ ಲಾಭವನ್ನೆಲ್ಲ ಜೇಬಿಗಿಳಿಸುವವರೂ ಇದ್ದಾರೆ.

ನಮ್ಮ ಮೊದಲ ಶಿಫಾರಸು ಕಾಗದದ ಹೂವಿಗೇ. ಇಂಗ್ಲೆಂಡಿನಲ್ಲಿ ಸಿಗುವುದಕ್ಕೆ ಎರಡು ಕೆಂಪು ದಳ, ಒಂದು ಹಸಿರು ಎಲೆ, ನಡುವೆ ಕಪ್ಪು ಬೊಟ್ಟು. 2023ರಲ್ಲಿ ಬಂದ ಹೊಸ ಮಾದರಿಯಲ್ಲಿ ಪ್ಲಾಸ್ಟಿಕ್ ಇಲ್ಲ. ಕಾಫಿ ಲೋಟ ತಯಾರಿಕೆಯಲ್ಲಿ ಉಳಿದ ಕಾಗದವೂ ಅದರಲ್ಲಿ ಸೇರಿದೆ. ಧರಿಸಿ ಮುಗಿದ ಮೇಲೆ ಮನೆಯ ರದ್ದಿ ಕಾಗದದ ಜೊತೆ ಹಾಕಬಹುದು. ಕಾಗದವಾದ್ದರಿಂದ ಜೋರು ಮಳೆಗೆ ಮೆತ್ತಗಾಗುತ್ತದೆ, ಅದೊಂದೇ ಕೊರತೆ. ಇದಕ್ಕೆ ನಿಗದಿ ಬೆಲೆಯಿಲ್ಲ, ಕೈಲಾದಷ್ಟು ಹಾಕಿದರೆ ಸಾಕು. ಇಂತಿಷ್ಟೇ ಕೊಡಿ ಎಂದು ಪಟ್ಟು ಹಿಡಿದರೆ ಅಲ್ಲೇ ಅನುಮಾನಿಸಿ. ಡಬ್ಬಿಗೆ ಸೀಲು ಇದೆಯೇ, ಸಂಗ್ರಹಿಸುವವರ ಬಳಿ ಗುರುತಿನ ಬ್ಯಾಡ್ಜ್ ಇದೆಯೇ ನೋಡಿ. ಕೇಳಿದರೆ ನಿಜವಾದ ಸ್ವಯಂಸೇವಕರು ಬೇಸರಿಸದೆ ತೋರಿಸುತ್ತಾರೆ.

ಎಡಿನ್‌ಬರೋದಲ್ಲಿ ನಾಲ್ಕು ದಳವಿದ್ದು ಎಲೆಯೇ ಇಲ್ಲದ ಹೂ ಕಂಡರೆ ನಕಲಿ ಎನ್ನಬೇಡಿ. ಸ್ಕಾಟ್ಲೆಂಡಿನ ಪಾಪ್ಪಿಸ್ಕಾಟ್ಲೆಂಡ್ ಸಂಸ್ಥೆಯ ಹೂ ಇರುವುದೇ ಹಾಗೆ. ಬಿಳಿ ಪಾಪ್ಪಿಯ ವಿಚಾರವೇ ಬೇರೆ: ಅದು ಯುದ್ಧವನ್ನೇ ವಿರೋಧಿಸುವ ಪೀಸ್ ಪ್ಲೆಡ್ಜ್ ಯೂನಿಯನ್ ಸಂಘದ್ದು, ಹಣ ಶಾಂತಿಯ ಕೆಲಸಕ್ಕೆ ಹೋಗುತ್ತದೆ. ಎರಡೂ ಗೌರವದ ಉದ್ದೇಶಗಳೇ, ಆದರೆ ಯಾವುದಕ್ಕೆ ಕೊಡುತ್ತಿದ್ದೇವೆಂದು ತಿಳಿದು ಕೊಡಬೇಕು.

ಹೆಚ್ಚು ಜನ ಮೋಸ ಹೋಗುವುದು ಎನಾಮಲ್ ಪಿನ್ನು, ಬ್ರೋಚುಗಳಲ್ಲಿ. ಇವನ್ನು ಲೀಜನ್ನಿನದೇ ಆದ ಪಾಪ್ಪಿ ಶಾಪ್‌ನಲ್ಲಿ ಕೊಳ್ಳುವುದು ಸುರಕ್ಷಿತ; ಅಲ್ಲಿನ ಲಾಭ ಲೀಜನ್ನಿಗೇ ಸೇರುತ್ತದೆ. ಬೇರೆ ಜಾಲತಾಣದಲ್ಲಿ ಕೊಳ್ಳುವುದಾದರೆ ಚಿತ್ರವನ್ನು ಬಿಟ್ಟು ವಿವರಣೆಯ ಸಾಲು ಓದಿ. ಇಂಗ್ಲೆಂಡಿನ ಕಾನೂನಿನ ಪ್ರಕಾರ, ಮಾರಾಟದ ಹಣ ದತ್ತಿ ಸಂಸ್ಥೆಗೆ ಹೋಗುತ್ತದೆಂದು ಹೇಳಿಕೊಳ್ಳುವ ವ್ಯಾಪಾರಿ ಯಾವ ಸಂಸ್ಥೆಗೆ, ಎಷ್ಟು ಎಂದು ಸ್ಪಷ್ಟಪಡಿಸಬೇಕು. ‘ಲಾಭದ ಒಂದು ಭಾಗ ಸೈನಿಕರಿಗೆ’ ಎಂದಷ್ಟೇ ಬರೆದು ಸಂಸ್ಥೆಯ ಹೆಸರನ್ನೇ ಹಾಕದಿದ್ದರೆ ಅಂಥ ಪಿನ್ನು ಬೇಡವೇ ಬೇಡ. ‘ಮರೆಯದಿರೋಣ’ ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಅದು ಪುರಾವೆಯಲ್ಲ. ಸಂಸ್ಥೆಯ ನೋಂದಣಿ ಸಂಖ್ಯೆಯನ್ನು ದತ್ತಿ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನ್‌ನ ಪಟ್ಟಿಯಲ್ಲಿ ಹುಡುಕಿ, ಲೀಜನ್ನಿನದು 219279. ಸಂಖ್ಯೆಯೊಂದನ್ನೇ ನಂಬದೆ, ಹಣ ಪಾವತಿಯಾಗುವ ಹೆಸರೂ ಅದೇ ಸಂಸ್ಥೆಯದೇ ಎಂದು ತಾಳೆ ನೋಡಿ, ಏಕೆಂದರೆ ಅಸಲಿ ಸಂಖ್ಯೆಯನ್ನು ನಕಲು ಮಾಡುವುದು ಕಷ್ಟವೇನಲ್ಲ.

ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಇನ್ನೊಂದು ಲೆಕ್ಕ ತಿಳಿದಿರಬೇಕು. ನೇರ ದೇಣಿಗೆಗೆ ಗಿಫ್ಟ್ ಏಡ್ ಸೇರಿಸಿದರೆ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಹೆಚ್ಚುವರಿಯಾಗಿ ಸಂಸ್ಥೆಗೆ ಸಿಗುತ್ತದೆ. ಪಿನ್ನು ಕೊಂಡರೆ ಅದು ಖರೀದಿ, ಆ ಬೆಲೆಗೆ ಈ ಸೌಲಭ್ಯವಿಲ್ಲ. ಹಾಗಾಗಿ ಹತ್ತು ಪೌಂಡ್ ಇಟ್ಟುಕೊಂಡವರು ಕಾಗದದ ಹೂ ಧರಿಸಿ, ಹತ್ತನ್ನೂ ದೇಣಿಗೆಯಾಗಿ ಕೊಟ್ಟರೆ ಹೆಚ್ಚು ಉಪಯೋಗ.

ಕನ್ನಡಿಗರಿಗೆ ಹತ್ತಿರವಾದದ್ದು ಖಾದಿ ಪಾಪ್ಪಿ. ಮೊದಲ ಮಹಾಯುದ್ಧದ ಭಾರತೀಯ ಸೈನಿಕರ ಗೌರವಾರ್ಥ ಲೀಜನ್ 2018ರಲ್ಲಿ ಇದನ್ನು ತಂದಿತು. ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಖಾದಿ ಬಟ್ಟೆಯಲ್ಲಿ ಹೊಲಿದ ಹೂವೆಲ್ಲ ಲೀಜನ್ನಿನದಲ್ಲ, ಇಲ್ಲೂ ಮಾರುವವರ ಹೆಸರು ನೋಡಿಯೇ ದುಡ್ಡು ಕೊಡಿ.