ಡ್ರೈಕ್ಲೀನಿಂಗ್ "50% ಆಫ್" ಬೋರ್ಡ್ ನಂಬಿ ಬಟ್ಟೆ ಕೊಡೋರು ಒಂದ್ಸಲ ಓದಿ

ಮನೆ ಹತ್ರದ ಡ್ರೈಕ್ಲೀನಿಂಗ್ ಅಂಗಡಿಲಿ ನಂಗೆ ಆಗಿದ್ದು ಇನ್ನೊಬ್ರಿಗೆ ಆಗ್ಬಾರ್ದು ಅಂತ ಬರೀತಿದೀನಿ. ಅಂಗಡಿ ಹೆಸರು ಬೇಡ, ಈ ಥರ ಬೋರ್ಡ್ ಎಲ್ಲಿ ಬೇಕಾದ್ರೂ ಇರುತ್ತೆ.

"ಎಲ್ಲಾ ಬಟ್ಟೆಗೂ 50% ಆಫ್, ಇನ್ನು 3 ದಿನ ಮಾತ್ರ" ಅಂತ ದೊಡ್ಡ ಬ್ಯಾನರ್ ಹಾಕಿದ್ರು. ಎರಡು ಕೋಟು, ಒಂದು ಉಣ್ಣೆ ಶಾಲು ತಗೊಂಡು ಹೋದೆ. ಕೌಂಟರಲ್ಲಿ ಇದ್ದವರು ಎಣಿಸಿ ರಸೀದೀಲಿ ಬರೀ "3 ಬಟ್ಟೆ" ಅಂತ ಬರೆದ್ರು, ರೇಟ್ ಇಲ್ಲ. ಕೇಳಿದ್ದಕ್ಕೆ "ವಾಪಸ್ ತಗೊಳೋವಾಗ ಬಿಲ್ ಆಗುತ್ತೆ ಸಾರ್, ಹೆಂಗೂ ಅರ್ಧ ರೇಟ್ ಅಲ್ವಾ" ಅಂದ್ರು, ನಾನು ಸರಿ ಅಂತ ಬಂದ್ಬಿಟ್ಟೆ.

ತಗೊಳಕ್ಕೆ ಹೋದಾಗ ಬಿಲ್ ನೋಡಿ ತುಂಬಾ ಬೇಜಾರಾಯ್ತು. ಆಫರ್ ಬರೀ "ಬೇಸ್ ರೇಟ್"ಗಂತೆ, ಕೋಟಿಗೆ ಲೈನಿಂಗ್ ಇದೆ ಅಂತ ಎಕ್ಸ್‌ಟ್ರಾ, ಕಾಲರ್ ಹತ್ರ ಕಲೆ ಇತ್ತು ಅಂತ ಎಕ್ಸ್‌ಟ್ರಾ, ಸ್ಟೀಮ್ ಪ್ರೆಸ್ಸಿಗೂ ಬೇರೆ ಚಾರ್ಜು, ಇದ್ಯಾವ್ದಕ್ಕೂ ಡಿಸ್ಕೌಂಟ್ ಇಲ್ಲ. ಲೈನಿಂಗಿಗೆ ಯಾಕೆ ಅಂದ್ರೆ ಅದನ್ನ ಬೇರೆ ಮಾಡ್ಬೇಕು ಅಂದ್ರು. ಕೋಟನ್ನ ಲೈನಿಂಗ್ ಸಮೇತ ಇಡಿಯಾಗೇ ಮಿಷಿನ್ನಿಗೆ ಹಾಕೋದು, ಹೊಲಿದಿರೋ ಲೈನಿಂಗ್ ಬಿಚ್ಚಿ ಸಾಮಾನ್ಯವಾಗಿ ಯಾರೂ ತೊಳೆಯಲ್ಲ. ಒಳಗಡೆ ಲೇಬಲ್ ಮೇಲೆ ವೃತ್ತದಲ್ಲಿ ಪಿ ಅಂತ ಇರುತ್ತಲ್ಲ, ಪರ್ಕ್ಲೋರೋಎಥಿಲೀನ್ ಅನ್ನೋ ದ್ರಾವಕದಲ್ಲಿ ಡ್ರೈಕ್ಲೀನ್ ಮಾಡ್ಬಹುದು ಅಂತ ಅರ್ಥ, ಅದು ಇಡೀ ಬಟ್ಟೆಗೆ ಹೇಳಿರೋದು. ಅದನ್ನೂ ತೋರಿಸಿದೆ, ಅವ್ರು ಕೇಳಲೇ ಇಲ್ಲ.

ಮನೆಗೆ ಬಂದು ಹುಡುಕಿದ್ರೆ ಅದೇ ಅಂಗಡಿದು ಅದೇ ಕೋಟಿನ ಹಳೇ ಬಿಲ್ ಸಿಕ್ತು. ಅವಾಗ ಪ್ರೆಸ್ಸು, ಲೈನಿಂಗು ಎಲ್ಲಾ ಸೇರಿ ಒಂದೇ ರೇಟ್ ಇತ್ತು. ಆ ಹಳೇ ರೇಟನ್ನ 100 ಅಂತ ಇಟ್ಕೊಳ್ಳಿ, ಈಗ ಬೇಸ್ ರೇಟನ್ನೇ 160 ಮಾಡಿ ಅದ್ರಲ್ಲಿ ಅರ್ಧ ಬಿಟ್ಟು 80 ಅಂತ ತೋರಿಸಿದಾರೆ, ಎಕ್ಸ್‌ಟ್ರಾ ಎಲ್ಲಾ ಸೇರಿ 60, ಒಟ್ಟು 140. ಆಫರ್ ಇಲ್ದೇ ಇದ್ದಾಗ ಕೊಟ್ಟಿದ್ದಕ್ಕಿಂತ 40% ಜಾಸ್ತಿ ಕೊಟ್ಟಿದೀನಿ!

ಬೇರೆ ಅಂಗಡಿಲಾದ್ರೆ ರೇಟ್ ಸರಿ ಇಲ್ಲ ಅಂದ್ರೆ ಸಾಮಾನು ಅಲ್ಲೇ ಇಟ್ಟು ಬರ್ಬಹುದು. ಇಲ್ಲಿ ನಮ್ಮ ಬಟ್ಟೆನೇ ಅವ್ರ ಕೈಲಿರುತ್ತೆ, ಕೆಲಸನೂ ಮುಗಿದಿರುತ್ತೆ, ದುಡ್ಡು ಕೊಡ್ದೆ ಬಟ್ಟೆ ಕೊಡಲ್ಲ. ನನ್ನ ಹಿಂದೆ ನಿಂತಿದ್ದ ವಯಸ್ಸಾದ ಅಮ್ಮ ಒಬ್ರು ಬಿಲ್ ನೋಡಿ ಏನೂ ಮಾತಾಡ್ದೆ ಪರ್ಸ್ ತೆಗೆದ್ರು, ಅದು ಈಗ್ಲೂ ಕಣ್ಣ ಮುಂದೆ ಇದೆ.

ಅದಕ್ಕೆ ಬಟ್ಟೆ ಕೊಡೋವಾಗ್ಲೇ ಕಡೇ ಬಿಲ್ ಎಷ್ಟು ಅಂತ ರಸೀದಿ ಮೇಲೆ ಬರೆಸ್ಕೊಳ್ಳಿ, ಲೈನಿಂಗ್, ಕಲೆ, ಪ್ರೆಸ್ ಎಲ್ಲಾ ಸೇರಿನಾ ಅಂತ ಒಂದೊಂದೂ ಕೇಳಿ. ಬರೆದು ಕೊಡಲ್ಲ ಅಂದ್ರೆ ಬಟ್ಟೆ ವಾಪಸ್ ತಗೊಂಡು ಬನ್ನಿ, ಅವಾಗಿನ್ನೂ ನಿಮ್ಮ ಕೈಲೇ ಇರುತ್ತೆ. ಶಾಲು ಸ್ವೆಟರ್ ಲೇಬಲ್ ಮೇಲೆ ನೀರಿನ ಟಬ್ಬಲ್ಲಿ ಕೈ ಇಟ್ಟಿರೋ ಚಿತ್ರ ಇದ್ರೆ ಮನೇಲೇ ಕೈಯಲ್ಲಿ ತೊಳೀಬಹುದು, ನನ್ನ ಶಾಲಿಗೂ ಅದೇ ಚಿತ್ರ ಇತ್ತು, ಆಫರ್ ಅಂತ ಸುಮ್ನೆ ಕೊಟ್ಟೆ.

ಬ್ಯಾನರ್‌ದು ಫೋಟೋನೂ ತೆಗೆದಿಟ್ಕೊಳ್ಳಿ. ಮಾರನೇ ದಿನ ಹಳೇ ಬಿಲ್ ಹಿಡ್ಕೊಂಡು ಹೋಗಿ ಕೇಳಿದಾಗ "ಎಲ್ಲಾ ಬಟ್ಟೆಗೂ ಅಂತ ನಾವು ಹಾಕೇ ಇರ್ಲಿಲ್ಲ" ಅಂದ್ರು, ಬ್ಯಾನರ್ ಬದ್ಲಾಗಿತ್ತು, ತೋರ್ಸಕ್ಕೆ ನನ್ ಹತ್ರ ಫೋಟೋ ಇರ್ಲಿಲ್ಲ. ಕೊನೆಗೆ ಪ್ರೆಸ್ ಚಾರ್ಜ್ ಮಾತ್ರ ವಾಪಸ್ ಕೊಟ್ರು.