ಟೈಪ್‌ರೈಟರ್ ಕಸಿದುಕೊಂಡ ಕೆಲಸ, ಟೈಪ್‌ರೈಟರ್ ಕೊಟ್ಟ ಕಾದಂಬರಿ

ಲುದ್ಮಿಲಾ ಉಲಿತ್ಸ್ಕಾಯಾ ಅವರ ‘ದಿ ಬಿಗ್ ಗ್ರೀನ್ ಟೆಂಟ್’ ಓದಿ ಮುಗಿಸಲು ನನಗೆ ಸುಮಾರು ಒಂದು ತಿಂಗಳು ಹಿಡಿಯಿತು. ರಷ್ಯನ್ ಭಾಷೆಯಲ್ಲಿ 2011ರಲ್ಲಿ ಬಂದ, ಪಾಲಿ ಗ್ಯಾನನ್ ಅವರು ಇಂಗ್ಲಿಷಿಗೆ ತಂದಿರುವ ಈ ಕಾದಂಬರಿ 600 ಪುಟಗಳ ಆಸುಪಾಸಿನಲ್ಲಿದೆ.

ಲೇಖಕಿಯ ಬದುಕು ತಿಳಿದಿದ್ದರೆ ಈ ಪುಸ್ತಕದ ರುಚಿ ಹೆಚ್ಚುತ್ತದೆ. ಮಹಾಯುದ್ಧದ ಕಾಲದಲ್ಲಿ ಮಾಸ್ಕೋ ತೊರೆದಿದ್ದ ಕುಟುಂಬದಲ್ಲಿ, ಬಷ್ಕಿರಿಯಾದ ದಾವ್ಲೆಕಾನೊವೊ ಎಂಬ ಊರಿನಲ್ಲಿ, 1943ರಲ್ಲಿ ಹುಟ್ಟಿದ ಅವರು ಓದಿದ್ದು ಜೀವವಿಜ್ಞಾನ, ಸೇರಿದ್ದು ತಳಿವಿಜ್ಞಾನದ ಸಂಸ್ಥೆ. ಸರ್ಕಾರ ಅಚ್ಚಿಗೆ ಬಿಡದ ಬರಹಗಳನ್ನು ಅವರ ಟೈಪ್‌ರೈಟರ್‌ನಲ್ಲಿ ನಕಲು ಮಾಡಲಾಗುತ್ತಿದೆ ಎಂಬುದು ಬಯಲಾಗಿ 1970ರಲ್ಲಿ ಆ ಕೆಲಸ ಹೋಯಿತು. ಆಮೇಲೆ ಅವರು ಯಹೂದಿ ಸಂಗೀತ ರಂಗಭೂಮಿಯೊಂದರಲ್ಲಿ ದುಡಿದರು, ನಾಟಕ ಬರೆದರು. ಓದುಗರ ಗಮನ ಸೆಳೆದ ‘ಸೋನೆಚ್ಕಾ’ ಎಂಬ ಕಿರುಕಾದಂಬರಿ 1992ರಲ್ಲಿ ‘ನೋವಿ ಮಿರ್’ ಪತ್ರಿಕೆಯಲ್ಲಿ ಪ್ರಕಟವಾದಾಗ ಅವರಿಗೆ ಐವತ್ತರ ಹತ್ತಿರ. 2001ರಲ್ಲಿ ರಷ್ಯನ್ ಬೂಕರ್ ಪಡೆದ ಮೊದಲ ಮಹಿಳೆಯಾದರು.

ಕೆಲಸ ಕಸಿದುಕೊಂಡ ಆ ಟೈಪ್‌ರೈಟರ್ ಈ ಕಾದಂಬರಿಯ ಉದ್ದಕ್ಕೂ ಸದ್ದು ಮಾಡುತ್ತದೆ. ಸ್ಟಾಲಿನ್ ಸತ್ತ 1953ರ ಮಾರ್ಚ್ ತಿಂಗಳಿಂದ ಹೊರಡುವ ಕಥೆಯ ನಡುವೆ ಮೂವರು ಸಹಪಾಠಿಗಳಿದ್ದಾರೆ: ಕವಿತೆಯ ಹುಚ್ಚಿನ ಅನಾಥ ಮೀಖಾ, ಕ್ಯಾಮೆರಾ ಬಿಡದ ಇಲ್ಯಾ, ಹುಡುಗರ ಜಗಳದಲ್ಲಿ ಕೈಗೆ ಚಾಕು ತಗುಲಿ ಪಿಯಾನೊ ನುಡಿಸುವ ಆಸೆಯನ್ನೇ ಕಳೆದುಕೊಂಡ ಸಾನ್ಯಾ. ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡ ಸಾಹಿತ್ಯದ ಮೇಷ್ಟ್ರು ಇವರನ್ನು ಮಾಸ್ಕೋದ ಬೀದಿ ಬೀದಿ ಸುತ್ತಿಸಿ, ಯಾವ ಕವಿ ಯಾವ ಮನೆಯಲ್ಲಿದ್ದ ಎಂದು ತೋರಿಸುವ ಪುಟಗಳು ನನಗೆ ಇಡೀ ಪುಸ್ತಕದಲ್ಲೇ ಹೆಚ್ಚು ಪ್ರಿಯವಾದವು. ಮಕ್ಕಳು ದೊಡ್ಡವರಾಗುವುದೆಂದರೇನು ಎಂದು ತಲೆ ಕೆಡಿಸಿಕೊಳ್ಳುವ ಆ ಮೇಷ್ಟ್ರು, ರೆಕ್ಕೆ ಬಲಿತು ಪೂರ್ಣಗೊಂಡ ಕೀಟಕ್ಕೆ ವಿಜ್ಞಾನ ಕೊಟ್ಟಿರುವ ‘ಇಮೇಗೊ’ ಎಂಬ ಹೆಸರನ್ನು ಹಿಡಿದುಕೊಂಡು, ಹುಳುವಾಗಿಯೇ ಉಳಿದುಬಿಡುವ ಮನುಷ್ಯರ ಬಗ್ಗೆ ಯೋಚಿಸುವಾಗ, ಲೇಖಕಿ ಪ್ರಯೋಗಾಲಯವನ್ನು ಪೂರ್ತಿ ಬಿಟ್ಟು ಬಂದಿಲ್ಲವೆಂದು ಅನಿಸುತ್ತದೆ.

ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಗಟ್ಟಿ ರಟ್ಟಿನ ಸೋವಿಯತ್ ಪುಸ್ತಕಗಳನ್ನು ಓದಿ ಬೆಳೆದ ನನ್ನಂಥವರಿಗೆ, ಅದೇ ದೇಶದಲ್ಲಿ ಜನ ತೆಳು ಕಾಗದಗಳ ನಡುವೆ ಕಾರ್ಬನ್ ಇಟ್ಟು ಕಾದಂಬರಿಗಳನ್ನು ಟೈಪು ಮಾಡಿಕೊಳ್ಳುತ್ತಿದ್ದರು, ಕೊನೆಯ ಪ್ರತಿಯ ಮಸುಕು ಅಕ್ಷರಗಳನ್ನು ಒಂದೇ ರಾತ್ರಿಯಲ್ಲಿ ಓದಿ ಬೆಳಗ್ಗೆ ಇನ್ನೊಬ್ಬರಿಗೆ ದಾಟಿಸುತ್ತಿದ್ದರು ಎಂಬುದು ಹೊಟ್ಟೆಯೊಳಗೆ ಏನೋ ಕದಲಿಸುವ ಸಂಗತಿ. ಹಾಗೆಂದು ಉಲಿತ್ಸ್ಕಾಯಾ ಭಿನ್ನಮತೀಯರನ್ನು ಹುತಾತ್ಮರ ಪೀಠದಲ್ಲಿ ಕೂರಿಸುವುದಿಲ್ಲ. ಅವರಲ್ಲಿ ಹೆಂಡತಿಗೆ ಮೋಸ ಮಾಡಿದವರಿದ್ದಾರೆ, ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಒತ್ತಡಕ್ಕೆ ಸದ್ದಿಲ್ಲದೆ ಬಗ್ಗಿದವರೂ ಇದ್ದಾರೆ.

ಕೊರತೆಗಳೂ ಉಂಟು. ಕಾಲ ಹಿಂದೆ ಮುಂದೆ ಜಿಗಿಯುತ್ತದೆ. ಒಂದು ಅಧ್ಯಾಯದಲ್ಲಿ ತೀರಿಕೊಂಡವರು ಇನ್ನೊಂದರಲ್ಲಿ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತಿರುತ್ತಾರೆ. ಮಧ್ಯದ ಕೆಲವು ಅಧ್ಯಾಯಗಳು ಬಿಡಿ ಕಥೆಗಳಂತಿದ್ದು, ಹೊಸ ಹೊಸ ಪಾತ್ರಗಳು ಬಂದು ಹೋಗುವುದರಿಂದ, ಹೆಸರು ಮತ್ತು ನಂಟುಗಳನ್ನು ನಾನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಾಯಿತು. ಆ ಚೀಟಿ ಎರಡೂ ಬದಿ ತುಂಬಿತು.

ಉಲಿತ್ಸ್ಕಾಯಾ 2022ರಲ್ಲಿ, ಉಕ್ರೇನ್ ಯುದ್ಧ ಶುರುವಾದ ಮೇಲೆ, ಬರ್ಲಿನ್ನಿಗೆ ಹೊರಟುಹೋದರು. 2024ರಲ್ಲಿ ರಷ್ಯಾ ಅವರನ್ನು ‘ವಿದೇಶಿ ಏಜೆಂಟ್’ ಪಟ್ಟಿಗೆ, ಅಂದರೆ ಹೊರದೇಶಗಳ ಪ್ರಭಾವಕ್ಕೆ ಒಳಗಾದವರೆಂದು ಸರ್ಕಾರ ಹಣೆಪಟ್ಟಿ ಹಚ್ಚುವವರ ಪಟ್ಟಿಗೆ, ಸೇರಿಸಿತು. ಅವರನ್ನು ಮೊದಲ ಬಾರಿಗೆ ಓದುವವರು ‘ಸೋನೆಚ್ಕಾ’ದಿಂದ ಆರಂಭಿಸುವುದು ಒಳ್ಳೆಯದು, ಅದು ಎರಡು ಸಂಜೆಗಳ ಓದು. ಅದು ಹಿಡಿಸಿದರೆ ಈ ದಪ್ಪ ಪುಸ್ತಕಕ್ಕೆ ಧೈರ್ಯವಾಗಿ ಹಣ ಹಾಕಬಹುದು, ಪಕ್ಕದಲ್ಲಿ ಒಂದು ಖಾಲಿ ಚೀಟಿ ಇಟ್ಟುಕೊಂಡು.