ರಾಗಿ ಮಡಿಗೆ ಯಾವ ಸೊಪ್ಪು: ಹೊಂಗೆ, ನೀಲಗಿರಿ, ಪಾರ್ಥೇನಿಯಂ

ಕೋಲಾರದ ನಮ್ಮ ಸೀಮೆಯಲ್ಲಿ ರಾಗಿ ಸಸಿಮಡಿಗೆ ಹಾಕಲು ಪುಕ್ಕಟೆ ಸಿಗುವ ಸೊಪ್ಪು ಮೂರು: ಬದುವಿನ ಹೊಂಗೆ, ತೋಪಿನ ನೀಲಗಿರಿ, ಮತ್ತೆ ಯಾರೂ ಬಿತ್ತದೆ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ಯಾವುದರ ರಸ ಮೊಳಕೆಗೆ ಅಡ್ಡಿಯಾಗುತ್ತದೆಂದು ನೋಡಲು ಮೂರರ ಹಸಿ ಎಲೆಯನ್ನೂ ಒಂದೇ ತೂಕಕ್ಕೆ ಜಜ್ಜಿ, ರಾತ್ರಿಯಿಡೀ ನೆನೆಸಿ, ಸೋಸಿದ ನೀರಿನಲ್ಲಿ ಬಟ್ಟೆ ಅದ್ದಿ ಅದರ ಮೇಲೆ ರಾಗಿ, ಅಲಸಂದೆ ಮೊಳಕೆಗಿಟ್ಟೆ. ಹೋಲಿಸಲು ಬರೀ ನೀರಿನ ತಟ್ಟೆಯೂ ಇತ್ತು.

ಹೊಂಗೆಯ ತಟ್ಟೆ ಸ್ವಲ್ಪ ತಡವಾಗಿ ಎದ್ದಿತು, ಅಷ್ಟೆ.

ಪಾರ್ಥೇನಿಯಂ ತಟ್ಟೆಯ ಕಥೆಯೇ ಬೇರೆ. ರಾಗಿ ಕಾಳುಗಳಲ್ಲಿ ಬಹುಪಾಲು ಬಿರಿಯಲೇ ಇಲ್ಲ. ಬಿರಿದವುಗಳ ಬೇರು ಮೊಂಡಾಗಿ, ತುದಿ ಕಂದಿ ನಿಂತಿತ್ತು. ನೀರಿನ ತಟ್ಟೆಯಲ್ಲಿ ಬೇರಿನ ಸುತ್ತ ಬಿಳಿಯ ನವಿರು ರೋಮ ಕಾಣುತ್ತಿತ್ತು. ಇಲ್ಲಿ ಭೂತಗನ್ನಡಿ ಹಿಡಿದರೂ ಇಲ್ಲ. ಅಲಸಂದೆ ಮಾತ್ರ ತಡೆದುಕೊಂಡಿತು. ದಪ್ಪ ಕಾಳಿನೊಳಗೆ ಬುತ್ತಿ ಹೆಚ್ಚು. ಆದರೂ ಅದರ ತಾಯಿಬೇರು ಗಿಡ್ಡವೇ. ಮೊಳಕೆ ಬಂದಿತೆಂದು ಎಣಿಸಿ ಸುಮ್ಮನಾಗುವವರು ಬೇರನ್ನು ಅಳೆಯಬೇಕು, ಪೆಟ್ಟು ಬೀಳುವುದು ಅಲ್ಲೇ. ಈ ಗಿಡದಲ್ಲಿರುವ ಪಾರ್ಥೇನಿನ್ ಎಂಬ ಕಹಿ ವಸ್ತು, ಜೊತೆಗೆ ಫೆರುಲಿಕ್, ಕೆಫೀಕ್‌ನಂಥ ಫಿನಾಲಿಕ್ ಆಮ್ಲಗಳು ಇದಕ್ಕೆ ಕಾರಣ.

ನೀಲಗಿರಿ ಇವೆರಡರ ನಡುವೆ. ತಟ್ಟೆ ಮುಚ್ಚಿಟ್ಟಾಗ ರಾಗಿ ಸೊರಗಿತು, ತೆರೆದಿಟ್ಟಾಗ ಒಂದಿಷ್ಟು ಚೇತರಿಸಿಕೊಂಡಿತು. ಎಲೆಯ ಎಣ್ಣೆಯಲ್ಲಿರುವ ಸಿನಿಯೋಲ್ ಆವಿಯಾಗಿ ಹಾರುವಂಥದ್ದು, ಮುಚ್ಚಳದಡಿ ಸಿಕ್ಕಿಕೊಂಡಿತ್ತೆಂದು ನನ್ನ ಊಹೆ. ತೋಪಿನ ಪಕ್ಕದ ಹೊಲದಲ್ಲಿ ಬೆಳೆ ಸೊರಗಿದರೆ ಎಲ್ಲವನ್ನೂ ಎಲೆಯ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ; ಆ ಮರ ನೆಲದ ತೇವವನ್ನೂ ಹೀರುತ್ತದೆ, ನೆರಳನ್ನೂ ಚೆಲ್ಲುತ್ತದೆ.

ಇದೆಲ್ಲ ಬಟ್ಟೆಯ ಮೇಲಿನ ಮಾತು. ಅದೇ ನೀರನ್ನು ಕೊಟ್ಟಿಗೆ ಗೊಬ್ಬರ ಬೆರೆತ ಮಣ್ಣಿನ ಕುಂಡಕ್ಕೆ ಹೊಯ್ದಾಗ ಮೂರರ ನಡುವಿನ ಅಂತರ ಬಹಳ ಕಿರಿದಾಯಿತು. ಮಣ್ಣಿನ ಕಣ ಈ ರಾಸಾಯನಿಕಗಳನ್ನು ಹಿಡಿದಿಡುತ್ತದೆ, ಸೂಕ್ಷ್ಮಜೀವಿಗಳು ತಿಂದು ಮುರಿಯುತ್ತವೆ. ಆದರೂ ಪಾರ್ಥೇನಿಯಂ ಕುಂಡದ ಪೈರು ಕೊನೆಯವರೆಗೂ ಕುಳ್ಳಗೇ ಉಳಿಯಿತು.

ಹಾಗಾಗಿ ಸಸಿಮಡಿಗೆ ನನ್ನ ಆಯ್ಕೆ ಹೊಂಗೆ, ಅದೂ ಬಿತ್ತುವ ಮೊದಲೇ ಮಣ್ಣಿಗೆ ಸೇರಿಸಿ ಕೊಳೆಸಿ. ನೀಲಗಿರಿ ತರಗು ಬೆಳೆದ ಮಾವಿನ ಬುಡಕ್ಕಾದರೆ ಸಾಕು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ಕಿತ್ತು ಗೊಬ್ಬರದ ಗುಂಡಿಗೆ ತಳ್ಳಿ. ಪೂರ್ತಿ ಕಳಿಯುವ ತನಕ ಮಡಿಯ ಹತ್ತಿರ ತರಬೇಡಿ.